ನಮ್ಮ ಹೊಳೆಯ ನೂರಿಪ್ಪತ್ತು ಪೌಂಡ್

ಹೋದ ಡಿಸೆಂಬರಿನಲ್ಲಿ ಆಫೀಸಿನ ಐದು ಜನ ಗೆಳೆಯರ ಜೊತೆ ಮಲ್ಪೆಗೆ ಮೀನು ಹಿಡಿಯಲು ಹೋಗಿದ್ದೆ. ಮೊದಲ ದಿನ ದಡ ಕಾಣುವಷ್ಟು ದೂರದಲ್ಲೇ, ಸೇಂಟ್ ಮೇರೀಸ್ ದ್ವೀಪದ ಬಂಡೆಗಳ ಆಸುಪಾಸು. ಎರಡನೇ ದಿನ ತೆಂಗಿನಮರಗಳ ಗೆರೆಯೂ ಅಳಿಸಿಹೋಗುವಷ್ಟು ಒಳಕ್ಕೆ. ಒಳಗೆ ಹೋದಮೇಲೆ ನಾನು ಮಾಡಿದ್ದು ಒಂದೇ ಕೆಲಸ, ವಾಂತಿ. ಗಾಳ ಹಾಕಿದ್ದೆಲ್ಲ ಉಳಿದವರು. ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಸಾವಿರದ ರಾಡಿಗೆ ಒಂದು ಅಂಜಲ್ ಸಿಕ್ಕಿತು. ಫೋಟೋ ಆಯ್ತು, ವಿಡಿಯೋ ಆಯ್ತು. ರಾಡಿನ ಯಜಮಾನ ಮೀನನ್ನು ವಾಪಸ್ ನೀರಿಗೆ ಬಿಡಲು ಬಗ್ಗಿದಾಗ ಬೋಟಿನವರು ಓಡಿ ಬಂದರು. "ಎಂಥ ಮಾರಾಯ್ರೆ, ಅಂಜಲ್ ಬಿಡುದಾ?"

ಹಿಡಿದು ಬಿಡುವುದು ದೊಡ್ಡ ಸಂಸ್ಕಾರ ಅಂತ ಅವನು ಅರ್ಧ ಗಂಟೆ ಭಾಷಣ ಮಾಡಿದ. ಕೊನೆಗೆ ನನ್ನ ಕಡೆ ತಿರುಗಿ, "ನಿಂದು ನಂಜನಗೂಡು ಕಡೆ ಅಲ್ವೇನೋ? ಗಾಳಕ್ಕೆ ಸಿಕ್ಕ ಮಹಶೀರ್ ಮೀನಿನಲ್ಲಿ ದಾಖಲೆ ಆಗಿರೋದು ನಿಮ್ಮ ಹೊಳೇದೇ. ಕಬಿನಿ, 1946, ನೂರಿಪ್ಪತ್ತು ಪೌಂಡ್" ಅಂದ. ನನಗೆ ವಾಂತಿಯೇ ನಿಂತುಹೋಯಿತು. ನೂರಿಪ್ಪತ್ತು ಪೌಂಡ್ ಅಂದರೆ 54 ಕೆ.ಜಿ. ಆ ಮೀನಿನ ಬಗ್ಗೆ ನನಗೆ ಇಪ್ಪತ್ತೈದು ವರ್ಷದ ಹಿಂದೆಯೇ ಒಬ್ಬರು ಹೇಳಿದ್ದರು. ನಾನು ನಕ್ಕಿದ್ದೆ.

ನಮ್ಮೂರು ಹದಿನಾರು. "ಯಾವೂರು?" ಅಂತ ಕೇಳಿದವರಿಗೆ ಹೆಸರು ಹೇಳಿದರೆ "ಹದಿನಾರು ಏನು?" ಅನ್ನುತ್ತಾರೆ. ಇತಿಹಾಸದಲ್ಲಿ ನಮಗೆ ಸಿಕ್ಕಿರುವುದು ಒಂದೇ ಪ್ಯಾರಾ. ದ್ವಾರಕೆಯಿಂದ ಯದುರಾಯ ಬಂದ, ಹದಿನಾಡಿನ ರಾಜಕುಮಾರಿಯನ್ನು ಕಾರುಗಳ್ಳಿಯ ಮಾರನಾಯಕನ ಕಾಟದಿಂದ ಬಿಡಿಸಿದ, ಮದುವೆಯಾದ, 1399ರಲ್ಲಿ ಮೈಸೂರು ಅರಸೊತ್ತಿಗೆ ಶುರುವಾಯಿತು ಅನ್ನುವ ಐತಿಹ್ಯ. ಶಾಲೆಯಲ್ಲಿ ಈ ಕತೆಯನ್ನು ಎಷ್ಟು ಸಲ ಕೇಳಿದ್ದೇವೆಂದರೆ, ಊರಲ್ಲಿ ಅದಾದಮೇಲೆ ಇನ್ನೇನೂ ನಡೆದೇ ಇಲ್ಲ ಅಂದುಕೊಂಡಿದ್ದೆವು.

ಭಾನುವಾರ ನಾವು ಮೂರ್ನಾಲ್ಕು ಹುಡುಗರು ಸೈಕಲ್ ಹತ್ತಿ ಸುತ್ತೂರು ಕಡೆ ಹೊಳೆಗೆ ಹೋಗುತ್ತಿದ್ದೆವು. ನಾವು ಕಬಿನಿ ಅನ್ನುವುದಿಲ್ಲ, ಕಪಿಲೆ. ಅಥವಾ ಬರೀ ಹೊಳೆ. ಬಿದಿರುಕಡ್ಡಿ, ದಾರ, ಐವತ್ತು ಪೈಸೆಯ ಗಾಳ, ಎರೆಹುಳ. ಸಿಗುತ್ತಿದ್ದದ್ದು ಜಿಲೇಬಿ ಮೀನು. ನಮ್ಮ ಮನೆಯಲ್ಲಿ ಮೀನು ಒಲೆ ಹತ್ತುವ ಮಾತೇ ಇರಲಿಲ್ಲ, ವಾಸನೆ ಬಂದರೂ ಅವ್ವ ಪೊರಕೆ ಹಿಡಿಯುತ್ತಿದ್ದಳು. ಹಾಗಾಗಿ ನನ್ನ ಪಾಲಿನದನ್ನು ಗೆಳೆಯನ ಮನೆಗೆ ಕೊಡುತ್ತಿದ್ದೆ, ಇಲ್ಲವೇ ನೀರಿಗೇ ಬಿಡುತ್ತಿದ್ದೆ. ಅದನ್ನು ಸಂಸ್ಕಾರ ಅಂತಾರೆ ಅಂತ ಆಗ ಗೊತ್ತಿರಲಿಲ್ಲ.

ಆ ಗೆಳೆಯನ ತಾತ ಹೊಳೆಯಲ್ಲಿ ತೆಪ್ಪ ಹಾಕುತ್ತಿದ್ದವರು. ನಮ್ಮ ಜಿಲೇಬಿ ಮೀನುಗಳನ್ನು ನೋಡಿ, "ಇವೂ ಮೀನಾ? ಬಿಳಿ ಮೀನು ನೋಡ್ಬೇಕಿತ್ತು ಕಣ್ಲಾ. ಒಂದೊಂದ ಎತ್ತಕ್ಕೆ ಇಬ್ರು ಬೇಕಾಯ್ತಿತ್ತು" ಅನ್ನುತ್ತಿದ್ದರು. ಆಳೆತ್ತರ ಅಂತ ಕೈ ಎತ್ತಿ ತೋರಿಸುತ್ತಿದ್ದರು. ತಾತ ಬುರುಡೆ ಬಿಡ್ತಾರೆ ಅಂತ ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು.

ಮಲ್ಪೆಯಿಂದ ವಾಪಸ್ ಬಂದವನು ಒಂದು ತಿಂಗಳು ಸಂಜೆಯೆಲ್ಲ ಇದನ್ನೇ ಓದಿದೆ. ಕಾವೇರಿ, ಕಬಿನಿಯವರು ಬಿಳಿ ಮೀನು ಅನ್ನುವುದನ್ನೇ ಇಂಗ್ಲಿಷರು ಮಹಶೀರ್ ಅಂದರು. ರಾಮನಾಥಪುರದಲ್ಲಿ, ಶೃಂಗೇರಿಯಲ್ಲಿ ನಾವು ಕಡಲೆಪುರಿ ಹಾಕುವ ದೇವರ ಮೀನುಗಳೂ ಇದೇ ಬಳಗ. ಇದನ್ನು ಗಾಳದಲ್ಲಿ ಹಿಡಿಯುವ ಹುಚ್ಚಿಗೆ ಪುಸ್ತಕರೂಪ ಸಿಕ್ಕಿದ್ದು ನಮ್ಮ ಕರಾವಳಿಯಲ್ಲೇ. ಮದ್ರಾಸ್ ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಊರಿನ ಸಾಲ್ಮನ್ ಮೀನು ನೆನೆಸಿಕೊಂಡು ಕೊರಗುತ್ತಿದ್ದ ದೊರೆಗಳಿಗೆ, ರಜೆಯಲ್ಲಿ ಗೆಳೆಯರ ಜೊತೆ ಡೇರೆ ಹೊತ್ತು ಹೊಳೆದಂಡೆಗೆ ಹೋಗಲು ಅದೊಂದು ಕೈಪಿಡಿಯಾಯಿತು.

ಈಗ 1946ಕ್ಕೆ ಬರೋಣ. ಆ ಮೀನು ಹಿಡಿದವರು ಜೆ. ಡಿ ವೆಟ್ ವ್ಯಾನ್ ಇಂಗೆನ್, ಮೈಸೂರಿನವರು. ಸತ್ತ ಹುಲಿಗೆ ಬದುಕಿದ ಹುಲಿಯ ಮುಖ ಕೊಡುತ್ತಿದ್ದ ಪ್ರಸಿದ್ಧ ವ್ಯಾನ್ ಇಂಗೆನ್ ಕಂಪನಿಯ ಅಣ್ಣತಮ್ಮಂದಿರಲ್ಲಿ ಒಬ್ಬರು. ಬೋತಾ, ಡಿ ವೆಟ್, ಜೂಬರ್ಟ್ ಅಂತ ದಕ್ಷಿಣ ಆಫ್ರಿಕಾದ ಬೋಯರ್ ಸೇನಾನಿಗಳ ಹೆಸರು ಹೊತ್ತವರು. ರಾಜಮಹಾರಾಜರು ಹೊಡೆದ ಹುಲಿ ಚಿರತೆಗಳಲ್ಲಿ ಎಷ್ಟೋ ಇವರ ಕೈ ದಾಟಿ ಗೋಡೆ ಏರಿದವು. ಕಂಪನಿ 1999ರವರೆಗೂ ಇತ್ತು. ಅಂದರೆ ನಾನು ಐವತ್ತು ಪೈಸೆಯ ಗಾಳ ಕಟ್ಟುತ್ತಿದ್ದಾಗ ಮೈಸೂರಿನಲ್ಲಿ ಬಾಗಿಲು ತೆರೆದೇ ಇತ್ತು. ದಾಖಲೆಯಲ್ಲಿ ಇರುವುದು ರಾಡ್ ಹಿಡಿದವರ ಹೆಸರು, ಹೊಳೆಯ ಹೆಸರು, ತೂಕ. ಆ ಕಾಲದ ಇಂಥ ಬೇಟೆಗಳಲ್ಲಿ ಸಾಮಾನ್ಯವಾಗಿ ತೆಪ್ಪ ಹಾಕುವವನೊಬ್ಬ, ಗುಂಡಿ ತೋರಿಸುವವನೊಬ್ಬ ಇರುತ್ತಿದ್ದರು. ಅವರ ಹೆಸರುಗಳಿಗೆ ಕಾಲಮ್ಮೇ ಇರಲಿಲ್ಲ. ತಾತ ಹೇಳಿದ್ದನ್ನು ನಂಬದ ನಾನು, ಅದನ್ನೇ ಇಂಗ್ಲಿಷ್ ಪುಸ್ತಕ ಹೇಳಿದಾಗ ಒಂದೇ ನಿಮಿಷದಲ್ಲಿ ನಂಬಿದೆ. ಇದು ನನಗೆ ಅಷ್ಟು ಸುಖ ಕೊಟ್ಟ ವಿಷಯವಲ್ಲ.

ಸ್ವಾತಂತ್ರ್ಯ ಬಂದಮೇಲೆ ದೊರೆಗಳು ಹೋದರು, ರಾಡುಗಳೂ ಹೋದವು. ಕಲ್ಲುಕ್ವಾರಿಯ ಮದ್ದು ಹೊಳೆಗೆ ಬಂತು. ಒಂದು ತೋಟೆ ಎಸೆದರೆ ಇಡೀ ಗುಂಡಿಯ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ, ಬೆರಳುದ್ದದ ಮರಿಯಿಂದ ಹಿಡಿದು. 1974ರಲ್ಲಿ ಬೀಚನಹಳ್ಳಿಯ ಹತ್ತಿರ ಕಬಿನಿ ಅಣೆಕಟ್ಟು ಮುಗಿಯಿತು. ಮಳೆಗಾಲದ ಹೊಸನೀರಿಗೆ ಮೇಲಕ್ಕೆ ಹತ್ತಿ ಮೊಟ್ಟೆಯಿಡುವ ಮೀನಿಗೆ ದಾರಿಯಲ್ಲಿ ಗೋಡೆ ಎದ್ದಿತು. ಅದೇ ಅಣೆಕಟ್ಟಿನ ನೀರಲ್ಲಿ ಬೆಳೆದ ಭತ್ತದ ಅನ್ನ ತಿಂದೇ ನಮ್ಮ ಸೀಮೆಯ ಎಷ್ಟೋ ಮಕ್ಕಳು ಬಿ.ಇ. ಓದಿದ್ದಾರೆ. ಹಾಗಾಗಿ ಅಣೆಕಟ್ಟು ಬೈಯುವ ಹಕ್ಕು ನನಗೆ ಅರ್ಧ ಮಾತ್ರ.

ಬಿಳಿ ಮೀನು ಮುಗಿದೇಹೋಯಿತು ಅಂತ ಹೊರಗಿನವರು ಅಂದುಕೊಂಡಿದ್ದಾಗ, ಟ್ರಾನ್ಸ್ ವರ್ಲ್ಡ್ ಫಿಶಿಂಗ್ ಟೀಮ್ ಅಂತ ಹೆಸರಿಟ್ಟುಕೊಂಡ ಮೂವರು ಇಂಗ್ಲಿಷ್ ಗೆಳೆಯರು ಇಂಡಿಯಾಕ್ಕೆ ಬಂದು ಹೊಳೆಹೊಳೆ ಸುತ್ತಿದರು. 1978ರಲ್ಲಿ ಕಾವೇರಿಯಲ್ಲಿ ಅವರಿಗೆ 92 ಪೌಂಡಿನ ಮೀನು ಸಿಕ್ಕಿತು. ಆಮೇಲೆ ಜಗತ್ತಿನ ಗಾಳದವರೆಲ್ಲ ಶಿವನಸಮುದ್ರದ ಕೆಳಗಿನ ಕಾಡಿಗೆ ಬಂದರು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯಲ್ಲಿ ಕ್ಯಾಂಪುಗಳಾದವು. ಕೆಲವನ್ನು ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ನಡೆಸಿತು. ನಿಯಮ ಒಂದೇ: ಹಿಡಿ, ತೂಗು, ಬರೆ, ಬಿಡು.

ನನಗೆ ತುಂಬ ಇಷ್ಟವಾದದ್ದು ಅವರು ಗಾಳಕ್ಕೆ ಸಿಕ್ಕಿಸುತ್ತಿದ್ದ ವಸ್ತು. ವಿಲಾಯಿತಿಯಿಂದ ಲಕ್ಷಗಟ್ಟಲೆ ಖರ್ಚು ಮಾಡಿಕೊಂಡು, ಪೆಟ್ಟಿಗೆ ತುಂಬ ಥಳಥಳ ಹೊಳೆಯುವ ಹುಸಿಮೀನು ಹೊತ್ತುತಂದವರು ಕೊನೆಗೆ ಶರಣಾದದ್ದು ರಾಗಿಮುದ್ದೆಗೆ! ಹಿಟ್ಟು ಕಲಸಿ, ಉಂಡೆ ಕಟ್ಟಿ, ಬೇಯಿಸಿ, ಗಟ್ಟಿಯಾದಮೇಲೆ ಗಾಳಕ್ಕೆ. ಅದನ್ನು ಕಟ್ಟಿಕೊಡುತ್ತಿದ್ದವರು, ತೆಪ್ಪ ಹಾಕುತ್ತಿದ್ದವರು ಸುತ್ತಲ ಹಳ್ಳಿಯವರು. ಅವರಲ್ಲಿ ಕೆಲವರು ಮೊದಲು ಕದ್ದು ಬಲೆ ಹಾಕಿದವರು, ಮದ್ದು ಎಸೆದವರು. ಸಂಬಳ ಬಂದಮೇಲೆ ಅದೇ ಗುಂಡಿಗಳಿಗೆ ಕಾವಲು ನಿಂತರು.

ಇಲ್ಲಿಂದ ಮುಂದಿನ ಕತೆ ನನ್ನಂಥ ಡ್ಯಾಶ್‌ಬೋರ್ಡ್ ನೋಡಿ ಬದುಕುವವರಿಗೆ ಬೇಕಾದದ್ದು. ಮಹಶೀರ್ ಕಮ್ಮಿಯಾಗುತ್ತಿದೆ ಅಂತ ಎಪ್ಪತ್ತರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಮರಿ ಮಾಡಿಸಿದರು. ಒಳ್ಳೆಯ ಮನಸ್ಸಿನಿಂದಲೇ. ಆ ಮರಿಗಳು ಕಾವೇರಿಗೂ ಬಂದವು. ಆದರೆ ಅದು ಕೃಷ್ಣಾ ಕೊಳ್ಳದ ಕಡೆಯ, ನೀಲಿ ರೆಕ್ಕೆಯ ಮಹಶೀರ್, ಟಾರ್ ಖುದ್ರಿ. ನಮ್ಮದು ಬೇರೆ. ಬೆನ್ನು ಗೂನು, ರೆಕ್ಕೆ ಕಿತ್ತಳೆಗೆಂಪು. ಕ್ಯಾಂಪಿನಲ್ಲಿ ಹಿಡಿದ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತು. ಎಲ್ಲರಿಗೂ ಖುಷಿ. ಗ್ರಾಫ್ ಹಸಿರು.

2010ರ ದಶಕದ ಶುರುವಿನಲ್ಲಿ ಕಾವೇರಿ ವನ್ಯಧಾಮದೊಳಗೆ ಗಾಳ ನಿಂತುಹೋಯಿತು. ಅಭಯಾರಣ್ಯದಲ್ಲಿ ಜಿಂಕೆಯನ್ನು ಹಿಡಿದುಬಿಡುವುದು ಆಟವಲ್ಲದಿದ್ದರೆ ಮೀನನ್ನು ಮಾತ್ರ ಯಾಕೆ ಅನ್ನುವುದು ಕಾನೂನಿನ ಕಡೆಯವರ ಪ್ರಶ್ನೆ. ಕ್ಯಾಂಪು ಹೋದರೆ ಕಾವಲೂ ಹೋಗುತ್ತೆ ಅನ್ನುವುದು ಗಾಳದವರ ಉತ್ತರ. ಎರಡರಲ್ಲೂ ಹುರುಳಿದೆ. ನನ್ನ ಒಲವು ಗಾಳದವರ ಕಡೆಗೆ. ಸಂಬಳದ ನಂಟಿನಿಂದ ಹೊಳೆ ಕಾದವನನ್ನು ಮನೆಗೆ ಕಳಿಸಿ, ಅಷ್ಟುದ್ದದ ಹೊಳೆಯನ್ನು ಬರೀ ಬೋರ್ಡು ಕಾಯುತ್ತೆ ಅಂದರೆ ನಾನು ನಂಬಲಾರೆ.

ಉಳಿದದ್ದು ಬರೆದಿಟ್ಟ ಪುಸ್ತಕ. 1998ರಿಂದ 2012ರವರೆಗಿನ ಗಾಳದವರ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಜೊತೆಗಾರರು ಸಾಲುಸಾಲಾಗಿ ಬಿಡಿಸಿ 2015ರಲ್ಲಿ ಪ್ರಕಟಿಸಿದರು. ಸಂಖ್ಯೆ ಏರಿದ್ದು ನಿಜ, ಸರಾಸರಿ ತೂಕ ಇಳಿದಿತ್ತು. ಏರಿದ್ದೆಲ್ಲ ನೀಲಿ ರೆಕ್ಕೆ. ಗೂನುಬೆನ್ನಿನವುಗಳ ಮರಿಗಳೇ ಕಾಣದಷ್ಟು ಕಮ್ಮಿ. ಬಂದ ಮೀನು ಇದ್ದ ಮೀನಿನ ಜಾಗ ಹಿಡಿದಿತ್ತು. ಎಲ್ಲರೂ ಎಣಿಸಿದ್ದು 'ಮಹಶೀರ್' ಅನ್ನುವ ಒಂದೇ ಕಾಲಮ್ಮಿನಲ್ಲಿ. ನಮ್ಮ ಕೆಲಸದಲ್ಲಿ ಇಂಥ ತಪ್ಪಾದರೆ ರಾತ್ರಿ ಎಲ್ಲರನ್ನೂ ಎಬ್ಬಿಸಿ ಹಳೆಯ ಬ್ಯಾಕಪ್ ಹಾಕುತ್ತೇವೆ. ಹೊಳೆಗೆ ಬ್ಯಾಕಪ್ ಎಲ್ಲಿಂದ ತರೋದು?

ಇನ್ನೂ ವಿಚಿತ್ರ ಅಂದರೆ, ಅಷ್ಟೊತ್ತಿಗೂ ನಮ್ಮ ಮೀನಿಗೆ ಸರಿಯಾದ ಹೆಸರೇ ಇರಲಿಲ್ಲ. ಪುಣೆಯ ಮುಳಾ ಮುಠಾ ಹೊಳೆಯ ಖುದ್ರಿಗೆ ಸೈಕ್ಸ್ ಅನ್ನುವ ಕರ್ನಲ್ 1839ರಲ್ಲೇ ಹೆಸರಿಟ್ಟಿದ್ದ. ಗಾಳದವರ ಫೋಟೋಗಳಲ್ಲೆಲ್ಲ ಮೆರೆದ ನಮ್ಮದನ್ನು ಬೇರೆ ಮೀನುಗಳ ಹೆಸರಲ್ಲಿ ಕರೆಯುತ್ತಿದ್ದರು. 2007ರಲ್ಲಿ ಕೇರಳದ ಪಾಂಬಾರಿನ ಸಣ್ಣ ಮೀನುಗಳನ್ನು ನೋಡಿ, ಮತ್ಸ್ಯವಿಜ್ಞಾನಿ ಕೆ. ರೆಮಾದೇವಿಯವರ ಗೌರವಕ್ಕೆ ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ದರು. ಪಾಂಬಾರು ಅಮರಾವತಿಗೆ, ಅಮರಾವತಿ ಕಾವೇರಿಗೆ. ಆ ಸಣ್ಣ ಮೀನೂ ನಮ್ಮ ಗೂನುಬೆನ್ನಿನ ದೈತ್ಯನೂ ಒಂದೇ ಅಂತ ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ಐಯುಸಿಎನ್ ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜೊತೆ ಸೇರಿತು. ನಾಮಕರಣ, ಆಸ್ಪತ್ರೆಯ ಐಸಿಯು ಎರಡೂ ಒಂದೇ ವರ್ಷ.

ತಾತನ ಮೀನು ಯಾವುದು? 1946ರ ಕಾಲದ್ದಾದರೆ ಅನುಮಾನವೇ ಇಲ್ಲ, ಆಗಿನ್ನೂ ಲೋನಾವಳದ ಮರಿಗಳು ಬಂದಿರಲಿಲ್ಲ. ಆದರೂ ರೆಕ್ಕೆಯ ಬಣ್ಣ ಕೇಳಬೇಕಿತ್ತು ಅಂತ ಹೊಟ್ಟೆಯೊಳಗೆ ಏನೋ ಸಂಕಟ. ತಾತ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಸಂಕ್ರಾಂತಿಗೆ ಊರಿಗೆ ಹೋದಾಗ ಗೆಳೆಯನ ಮನೆಗೆ ಹೋದೆ. ಅವನು ಈಗ ನಂಜನಗೂಡಿನಲ್ಲಿ ಆಟೋ ಓಡಿಸುತ್ತಾನೆ, ತೆಪ್ಪ ಮನೆಯಲ್ಲಿಲ್ಲ. ಅವನ ಅವ್ವ ಕಾಫಿ ಕೊಟ್ಟರು. ಬಿಳಿ ಮೀನು ನೋಡಿದ್ದೀರಾ ಅಂದೆ. ಮದುವೆಯಾಗಿ ಬಂದ ವರ್ಷ ಮಾವ ಒಂದು ತಂದಿದ್ದರಂತೆ, ಎತ್ತಿನಗಾಡಿಯಲ್ಲಿ ಹಾಕಿಕೊಂಡು. ಹುರುಪೆ ಅಂಗೈಯಗಲ ಇತ್ತಂತೆ.

"ರೆಕ್ಕೆ ಯಾವ ಬಣ್ಣ ಇತ್ತು ಅಮ್ಮಾ?"

"ಬಣ್ಣ ಯಾರ್ ನೋಡಿದ್ರಪ್ಪಾ" ಅಂದರು. "ಕತ್ಲಾಗೋದ್ರೊಳಗೆ ಊರ್ಗೆಲ್ಲ ಕುಯ್ದು ಹಂಚ್ಬೇಕಿತ್ತಲ್ಲ."