ಹೊಳಿ, ಗಾಳ ಮತ್ತು ಬಿತ್ತುವ ಬೀಜ

ನಮ್ಮ ಊರು ಗಡಹಿಂಗ್ಲಜ ತಾಲೂಕಿನಾಗ, ಹಿರಣ್ಯಕೇಶಿ ಹೊಳಿ ದಂಡಿಗೆ ಐತಿ. ಈ ಹೊಳಿ ಆಂಬೋಲಿ ಘಟ್ಟದಾಗ ಹುಟ್ಟಿ, ಆಜರಾ, ಗಡಹಿಂಗ್ಲಜ ದಾಟಿ, ಸಂಕೇಶ್ವರದ ಕಡೆ ಇಳಿದು ಮುಂದೆ ಘಟಪ್ರಭೆಗೆ ಕೂಡತೈತಿ. ವಾಚನಾಲಯದ ಗುರುಗಳು ನಮ್ಮ ಭಾಗದ ಇತಿಹಾಸ ಬರೀರಿ ಅಂದಾಗ ಒಬ್ಬರು ಕೋಟೆ ಆರಿಸಿಕೊಂಡರು, ಒಬ್ಬರು ಗುಡಿ ಆರಿಸಿಕೊಂಡರು. ನಾನು ಏಳನೇತ್ತೆ ಕಲಿತವ. ಒಕ್ಕಲುತನ ಮಾಡ್ತೀನಿ, ರಾತ್ರಿ ಭಜನಿ ಪದ, ಹಂತಿ ಪದ ಹಾಡ್ತೀನಿ. ನನಗೆ ಗೊತ್ತಿದ್ದದ್ದು ಹೊಳಿ. ಅದಕ್ಕ ಮೀನು ಹಿಡಿಯೋ ಗಾಳದ ಇತಿಹಾಸ ಬರೀತೀನಿ. ಮೀನು ಮುಟ್ಟದ ಮನೆತನದವರು ಸಿಟ್ಟಾಗಬಾರದು. ಇದು ಉಣ್ಣೋ ಮಾತಿಗಿಂತ ಉಳಿಸೋ ಮಾತು.

ನಮ್ಮ ಸೋದರಮಾವ ಇಚಲಕರಂಜಿಯಾಗ ಮಗ್ಗದ ಮ್ಯಾಲೆ ಕೆಲಸಕ್ಕಿದ್ದ. ಆ ಊರಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ, ಘೋರ್ಪಡೆ ಜಹಗೀರದಾರರ ಕಾಲಕ್ಕೆ. ಆಮ್ಯಾಲೆ ನಮ್ಮ ಹಳ್ಳಿಗಳ ಎಷ್ಟೋ ಮಂದಿ ಅಲ್ಲಿಗೆ ಹೊಟ್ಟಿಪಾಡಿಗೆ ಹೋದರು. ಮಾವ ಸೂಟಿಗೆ ಬಂದಾಗ ಒಂದು ಹಿತ್ತಾಳಿ ಚಮಚ ತಂದ. ಅದರ ಹಿಡಿಕಿ ಕತ್ತರಿಸಿ, ತಲೆ ಭಾಗಕ್ಕ ತೂತು ಕೊರೆದು, ತಂತಿಗೆ ಪೋಣಿಸಿ, ಕೆಳಗ ಮೂರು ಕೊಕ್ಕಿಯ ಗಾಳ ಕಟ್ಟಿದ. ಎರೆಹುಳ ಇಲ್ಲ, ಹಿಟ್ಟಿನ ಉಂಡಿ ಇಲ್ಲ. ಮಡುವಿನ ಆಚೆ ಒಗೆದು ದಾರ ಎಳೆದರೆ ತಗಡು ತಂತಿ ಸುತ್ತ ಗರಗರ ತಿರುಗತೈತಿ, ಬಿಸಿಲಿಗೆ ಮಿಂಚತೈತಿ. ಹಸಿದ ದೊಡ್ಡ ಮೀನಿಗೆ ಅದು ಓಡೋ ಮರಿಮೀನು ಕಂಡಂಗ ಕಾಣತೈತಿ. ಇಂಗ್ಲಿಷ್‌ನಾಗ ಇದಕ್ಕ ಸ್ಪಿನ್ನರ್ ಅಂತಾರ. ನಾವು ತಿರುಗೋ ತಗಡು ಅಂದಿವಿ. ಅವತ್ತ ಮಾವನ ಗಾಳಕ್ಕ ಮೊಳಕೈ ಉದ್ದದ ಮರಳ ಬಿತ್ತು. ದಕ್ಷಿಣದ ಕಡೆ ಇದಕ್ಕ ಕೊರವ ಅಂತಾರ.

ಗಾಳ ಬಿಳಿ ಸಾಹೇಬರು ತಂದದ್ದು ಅಂತ ನಾನು ಭಾಳ ವರ್ಷ ತಿಳಿದಿದ್ದೆ. ನಮ್ಮ ಗುರುಗಳು ತಿದ್ದಿದರು. ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ, ಆರನೇ ವಿಕ್ರಮಾದಿತ್ಯನ ಮಗ, 1130ರ ಸುಮಾರಿಗೆ ಸಂಸ್ಕೃತದಾಗ ಮಾನಸೋಲ್ಲಾಸ ಅನ್ನೋ ಗ್ರಂಥ ಬರೆದ. ಇಪ್ಪತ್ತು ಇಪ್ಪತ್ತರಂಗ ಐದು ಭಾಗ, ಒಟ್ಟು ನೂರು ಅಧ್ಯಾಯ. ಅದರಾಗ ಮತ್ಸ್ಯವಿನೋದ ಅಂತ ಒಂದು ಅಧ್ಯಾಯ ಪೂರಾ ಗಾಳದ ಆಟದ್ದು. ಯಾವ ಮೀನು ಸಮುದ್ರದ್ದು, ಯಾವುದು ಹೊಳಿದು. ಯಾವುದಕ್ಕ ಹುರುಪಿ ಐತಿ, ಯಾವುದಕ್ಕ ಇಲ್ಲ. ಯಾವುದಕ್ಕ ಏನು ತಿನಿಸು ಹಾಕಬೇಕು. ಕೋಲು, ದಾರ, ಗಾಳ ಹೆಂಗಿರಬೇಕು, ಎಲ್ಲಾ ಬರೆದಾನ. ದೊರೆ ಮೊದಲು ಮೀನಿಗೆ ಉಣ್ಣಾಕ ಹಾಕು ಅಂತಾನ, ಗಾಳ ಆಮ್ಯಾಲೆ.

ಆಗ ನಮ್ಮ ಕೊಲ್ಹಾಪುರ ಸೀಮೆ ಆಳಿದವರು ಚಾಲುಕ್ಯರ ಮಾಂಡಲಿಕರಾದ ಶಿಲಾಹಾರರು. ಅವರ ಕನ್ನಡ ಶಾಸನಗಳು ಈ ಭಾಗದಾಗ ಇನ್ನೂ ಅದಾವ. ಅವರ ಪೈಕಿ ಗಂಡರಾದಿತ್ಯ ಮಿರಜ ಸೀಮೆಯಾಗ ಗಂಡಸಮುದ್ರ ಅನ್ನೋ ಕೆರಿ ಕಟ್ಟಿಸಿ, ಅದರ ದಂಡಿಗೆ ಶಿವ, ಬುದ್ಧ, ಜಿನ ಮೂವರಿಗೂ ಗುಡಿ ಮಾಡಿಸಿದ. ಒಬ್ಬ ಅರಸ ಮೀನಿನ ಲೆಕ್ಕ ಬರೆದ, ಒಬ್ಬ ನೀರು ನಿಲ್ಲಿಸಿದ. ಇಬ್ಬರೂ ಒಂದೇ ಕಾಲದವರು.

ಇಂಗ್ಲಿಷರು ಬಂದದ್ದು ಏಳುನೂರು ವರ್ಷದ ಮ್ಯಾಲೆ. ಕರ್ನಲ್ ಸೈಕ್ಸ್ ಅನ್ನವರು ದಖ್ಖನ್ ಹೊಳಿಗಳ ಮೀನು ನೋಡಿ ಬರೆದರು. ಮಹಶೀರ್ ಮೀನಿನ ಒಂದು ಜಾತಿಗೆ ಅವರಿಟ್ಟ ಖುದ್ರೀ ಅನ್ನೋ ಹೆಸರು ಇವತ್ತಿಗೂ ಶಾಸ್ತ್ರದಾಗ ನಡೀತೈತಿ. ದಕ್ಷಿಣ ಕನ್ನಡದಾಗ ಅಧಿಕಾರಿ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಹಿಂದುಸ್ತಾನದ ಗಾಳದ ಬಗ್ಗೆ ದೊಡ್ಡ ಪುಸ್ತಕ ತಂದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳ್ಯಾಗ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. ಅಂದ್ರ ಸುಮಾರು 54 ಕಿಲೋ, ಒಂದು ಜೋಳದ ಚೀಲದ ತೂಕ.

ಮಹಶೀರ್ ಮಳಿಗಾಲಕ್ಕ ಹೊಸ ನೀರು ಬಂದ ಕೂಡಲೇ ಪ್ರವಾಹಕ್ಕ ಎದುರು ಹತ್ತತೈತಿ, ಮ್ಯಾಲಿನ ಕಲ್ಲು ಹೊಳ್ಯಾಗ ಮೊಟ್ಟಿ ಇಡಾಕ. ಅಮೆರಿಕಾದ ಪಡುವಣ ದಂಡಿಗೆ ಸ್ಟೀಲ್‌ಹೆಡ್ ಅನ್ನೋ ಮೀನು ಐತಂತ. ಅದು ಸಮುದ್ರದಾಗ ಬೆಳೆದು, ಮೊಟ್ಟಿ ಇಡಾಕ ಹುಟ್ಟಿದ ಹೊಳಿಗೇ ತಿರುಗಿ ಹತ್ತಿ ಬರತೈತಿ. ಅಲ್ಲಿಯವರೂ ತಿರುಗೋ ತಗಡಿನಿಂದಲೇ ಅದನ್ನ ಹಿಡೀತಾರ. ಆದರ ಸಾಕಿ ಬಿಟ್ಟ ಮೀನಿನ ಬೆನ್ನ ಮ್ಯಾಲಿನ ಸಣ್ಣ ರೆಕ್ಕಿ ಕತ್ತರಿಸಿ ಗುರುತು ಮಾಡಿರ್ತಾರ. ಆ ಗುರುತಿಲ್ಲದ್ದು, ಹೊಳ್ಯಾಗ ತಾನೇ ಹುಟ್ಟಿದ್ದು ಸಿಕ್ಕರೆ, ಭಾಳ ಕಡೆ ಅದನ್ನ ನೀರಿಗೆ ತಿರುಗಿ ಬಿಡಬೇಕು. ಗುರುಗಳು ಇದನ್ನ ಹೇಳಿದಾಗ ನನ್ನ ಎದಿಗೆ ಚುಚ್ಚಿದಂಗ ಆತು. ಯಾಕಂದ್ರ ನಂದೊಂದು ತಪ್ಪು ಐತಿ.

1972ರ ಬರ ಹಿರಿಯರಿಗೆ ನೆನಪಿದ್ದೀತು. ಹೊಳಿ ಹರಿಯೋದು ನಿಂತು, ಅಲ್ಲಲ್ಲಿ ಮಡು ಉಳಿದಿದ್ದವು. ನಾವು ನಾಲ್ಕು ಮಂದಿ ಹುಡುಗರು, ಬಾವಿಗೆ ಹಾಕಾಕ ತಂದಿಟ್ಟಿದ್ದ ಬ್ಲೀಚಿಂಗ್ ಪುಡಿ ಕದ್ದು, ನಮ್ಮ ಮಡುವಿಗೆ ಸುರುವಿದಿವಿ. ಗಳಿಗೆ ಹೊತ್ತಿನಾಗ ದೊಡ್ಡದು ಸಣ್ಣದು ಎಲ್ಲಾ ಬೆಳ್ಳಗ ತೇಲಿದವು. ಎರಡು ಬುಟ್ಟಿ ತುಂಬಿಕೊಂಡಿವಿ. ಉಳಿದ ಮರಿ ದಂಡಿಗೇ ಕೊಳೆತವು. ಮಾವಗ ಗೊತ್ತಾತು. ಹೊಡೀಲಿಲ್ಲ, ಬೈಲಿಲ್ಲ. "ಬಿತ್ತೋ ಬೀಜ ಕುಟ್ಟಿ ಉಂಡ್ಯಲ್ಲೋ ತಮ್ಮಾ" ಅಂದ, ಅಷ್ಟೇ. ಒಕ್ಕಲಿಗನ ಮಗನಿಗೆ ಇದಕ್ಕಿಂತ ದೊಡ್ಡ ಬೈಗಳ ಇಲ್ಲ. ಮುಂದ ಎಷ್ಟೋ ವರ್ಷ ಆ ಮಡುವಿನಾಗ ತಗಡು ತಿರುಗಿಸಿದರೂ ಒಂದು ಮೀನು ಎಳೀಲಿಲ್ಲ.

ನಾವು ಮಾಡಿದ್ದು ಒಂದು ಮಡುವಿಗೆ. ದಕ್ಷಿಣ ಕನ್ನಡದ ಶಿಶಿಲದಾಗ ಗುಡಿ ಮುಂದಿನ ಹೊಳ್ಯಾಗ ಭಕ್ತರು ದಿನಾ ಮೀನಿಗೆ ಅಕ್ಕಿ ಹಾಕ್ತಾರ. 1996ರಲ್ಲಿ ಯಾರೋ ವಿಷ ಹಾಕಿ ಅಲ್ಲಿ ಸಾವಿರಾರು ದೇವರ ಮೀನು ಸತ್ತವು. ಊರವರು ಅವುಗಳ ನೆನಪಿಗೆ ಸ್ಮಾರಕ ಕಟ್ಟಿದರು. ನಮ್ಮ ಕಡೆ ಪಂಚಗಂಗಾ ಹೊಳ್ಯಾಗ ಪಟ್ಟಣಗಳ ಗಟಾರದ ನೀರು, ಬಣ್ಣದ ನೀರು ಕೂಡಿ, ಬ್ಯಾಸಿಗಿಗೆ ಮೀನು ಸತ್ತು ತೇಲೋ ಸುದ್ದಿ ಮತ್ತ ಮತ್ತ ಪೇಪರಿನಾಗ ಓದ್ತೀವಿ. ಅದಕ್ಕ ಯಾರೂ ಕಲ್ಲು ನೆಡೂದಿಲ್ಲ.

ಬಂಧಾರದ ಮಾತೂ ಹೇಳಬೇಕು. ಹಲಗಿ ಹಾಕಿ ನೀರು ನಿಲ್ಲಿಸೋ ಬಂಧಾರಕ್ಕ ನಮ್ಮ ಜಿಲ್ಲಾದ್ದೇ ಹೆಸರು, ಕೊಲ್ಹಾಪುರ ಬಂಧಾರ. ಅದರಿಂದ ನನ್ನ ಕಬ್ಬೂ ಬೆಳೆದೈತಿ, ಅದನ್ನ ಬೈಯೋದಿಲ್ಲ. ಮಳಿಗಾಲಕ್ಕ ಮುಂಚೆ ಹಲಗಿ ತಗೀಬೇಕು ಅನ್ನೋದು ಅದರ ರಿವಾಜು. ಹೊತ್ತಿಗೆ ಸರಿಯಾಗಿ ತಗದರ ಪ್ರವಾಹಕ್ಕೂ ಚಲೋ, ಹತ್ತೋ ಮೀನಿಗೂ ದಾರಿ. ಇನ್ನ ಈಗ ಗಾಳಕ್ಕ ಬೀಳೋದು ಬರೇ ಚಿಲಾಪಿ. ಅದು 1952ರಲ್ಲಿ ನಮ್ಮ ದೇಶಕ್ಕ ಹೊರಗಿನಿಂದ ತಂದ ಮೀನು.

ಒಂದು ಸಂತೋಷದ ಸುದ್ದಿನೂ ಐತಿ. ನಮ್ಮ ಹೊಳಿ ಹುಟ್ಟೋ ಆಂಬೋಲಿ ಗುಡಿ ಕುಂಡದಾಗ 2020ರಲ್ಲಿ ಒಂದು ಸಣ್ಣ ಹೊಸ ಮೀನು ಗುರುತಿಸಿದರು. ಅದಕ್ಕ ಹೊಳಿ ಹೆಸರನ್ನೇ ಇಟ್ಟರು, ಶಿಸ್ಟುರಾ ಹಿರಣ್ಯಕೇಶಿ. ಮರುವರ್ಷ ಮಹಾರಾಷ್ಟ್ರ ಸರಕಾರ ಆ ಜಾಗಾನ ಜೀವವೈವಿಧ್ಯದ ಪಾರಂಪರಿಕ ತಾಣ ಅಂತ ಸಾರಿತು. ಗುಡಿ ನೀರಿಗೆ ಯಾರೂ ಗಾಳ ಹಾಕಲಾರದ್ದಕ್ಕ ಅದು ಉಳಿದಿರಬೇಕು ಅಂತ ನನಗ ಅನಸ್ತೈತಿ.

ಶಾಲಿ ಗುರುಗಳಲ್ಲಿ ನನ್ನದೊಂದು ಬಿನ್ನಹ. ದೊರೆ ಒಂಬೈನೂರು ವರ್ಷದ ಹಿಂದ ಮೀನಿನ ಹೆಸರು, ಅದರ ತಿನಿಸು ಬರೆದಿಟ್ಟ. ನಮ್ಮ ಊರಾಗ ಮರಳ, ವಾಮ, ಬಾಳಿ, ಶಿಂಗಾಳ ಅಂತ ಗುರುತಿಸಿ ಹೆಸರು ಹೇಳೋ ಮುದುಕರು ಈಗ ಐದಾರು ಮಂದಿ ಉಳಿದೀವಿ. ಹುಡುಗರನ್ನ ಹೊಳಿಗೆ ಕರಕೊಂಡ ಬರ್ರಿ. ನಾವು ಹೇಳ್ತೀವಿ, ಅವರು ಬರಕೊಳ್ಳಲಿ. ಮೊದಲ ಎರಡು ತಿಂಗಳ ಮಳ್ಯಾಗ ಹತ್ತೋ ಮೀನಿಗೆ ಬಲಿ ಅಡ್ಡ ಕಟ್ಟಬಾರದು ಅಂತ ಊರ ಪಂಚರೂ ಒಂದು ಮಾತು ಆಡಲಿ.

ಮಾವ ಮಾಡಿದ ಆ ಹಿತ್ತಾಳಿ ತಗಡು ಇನ್ನೂ ನನ್ನ ಏಕತಾರಿಯ ಚೀಲದಾಗ ಐತಿ. ನೋಡಾಕ ಬಂದ ಹುಡುಗರಿಗೆ ತೋರಸ್ತೀನಿ. ಕೊಕ್ಕಿ ಮಾತ್ರ ಬಿಚ್ಚಿಟ್ಟೀನಿ.