ರಸಾಯನ, ಸೀಕರಣೆ, ಶೀಕರಣಿ



ಕೆಲವು ವರ್ಷಗಳ ಹಿಂದೆ ಕುಂಬಳೆಯ ಹತ್ತಿರ ನಮ್ಮ ನೆಂಟರ ಮನೆಯಲ್ಲೊಂದು ಮದುವೆ. ಮರುದಿನ ಬೆಳಗ್ಗೆ ಉಳಿದವರಿಗೆಲ್ಲ ಬಾಳೆಲೆಯ ಮೇಲೆ ಸೇಮಿಗೆ, ಅದರ ಮೇಲೆ ಬಾಳೆಹಣ್ಣಿನ ರಸಾಯನ. ನನ್ನ ಪಕ್ಕದಲ್ಲಿ ಅಕ್ಕಲಕೋಟೆಯಿಂದ ಬಂದಿದ್ದ ಒಬ್ಬ ಹಿರಿಯ ಹೆಂಗಸು ಕುಳಿತಿದ್ದರು. ಹಿಂದಿನ ದಿನವೆಲ್ಲ ನಮ್ಮ ಮಾತು ಅವರಿಗೆ ಅರ್ಧ, ಅವರ ಮಾತು ನಮಗೆ ಅರ್ಧ ಎಂಬಂತಿತ್ತು. ರಸಾಯನವನ್ನು ಬಾಯಿಗಿಟ್ಟವರೇ ನನ್ನ ಕಡೆ ತಿರುಗಿ, "ಇದು ನಮ್ಮ ಶೀಕರಣಿನ ಐತಲ್ರೀ ಅಕ್ಕಾ! ಹಾಲಿನ ಬದಲಿ ಕಾಯಿ ಹಾಲು ಹಾಕೀರಿ, ಅಷ್ಟ," ಎಂದರು.

ಅವರ ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ಬಾಳೆಹಣ್ಣು, ಸಿಹಿ, ಹಾಲು, ಒಂದಿಷ್ಟು ಏಲಕ್ಕಿ. ಒಲೆಯ ಹಂಗು ಹೆಚ್ಚಿಲ್ಲದ ಈ ಅಡುಗೆಗೆ ಕಾಸರಗೋಡಿನಲ್ಲಿ ರಸಾಯನ ಎಂದು ಹೆಸರು. ಹೊಸೂರು, ತಾಳವಾಡಿಯ ಕಡೆ, ಹಳೆ ಮೈಸೂರಿನಲ್ಲಿರುವಂತೆ, ಅದು ಸೀಕರಣೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡದಲ್ಲಿ ಶೀಕರಣಿ, ಅಲ್ಲಿನ ಮರಾಠಿ ನೆರೆಮನೆಯಲ್ಲಿ ಶಿಕರಣ. ಒಂದೇ ಪಾತ್ರೆಗೆ ಇಷ್ಟು ಹೆಸರುಗಳು ಬಂದದ್ದು ಹೇಗೆ ಎಂದು ಹುಡುಕುತ್ತ ಹೋದರೆ ದಾರಿ ಕಲ್ಯಾಣದ ಅರಮನೆಗೆ ಹೋಗಿ ಸೇರುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಸುಮಾರು 1129ರದು. ರಾಜನಾದವನು ಏನೇನು ಭೋಗಿಸಬೇಕೆಂದು ವಿವರಿಸುತ್ತ, ಅನ್ನಭೋಗ ಎಂಬ ಭಾಗದಲ್ಲಿ ಅದು ಅಡುಗೆಮನೆಗೂ ಇಳಿಯುತ್ತದೆ. ಅಲ್ಲಿ ಶಿಖರಿಣಿ ಎಂಬ ಸಿಹಿ ಬರುತ್ತದೆ: ನೀರು ಬಸಿದ ಮೊಸರಿಗೆ ಸಕ್ಕರೆ, ಪರಿಮಳದ್ರವ್ಯ ಕೂಡಿಸಿದ್ದು. ಶಿಖರಿಣಿ ಎಂಬ ಹೆಸರು ಅದಕ್ಕಿಂತ ಬಹಳ ಹಳೆಯದು. ಪಾದಕ್ಕೆ 17 ಅಕ್ಷರಗಳ ಒಂದು ವೃತ್ತಕ್ಕೂ ಅದೇ ಹೆಸರಿರುವುದನ್ನು ಛಂದಸ್ಸು ಓದಿದವರು ಬಲ್ಲರು. ಈ ಬಗೆಯ ಸಿಹಿಯನ್ನು ಮೊದಲು ಮಾಡಿದವನು ಭೀಮಸೇನ, ಉಂಡವನು ಕೃಷ್ಣ ಎಂದು ನಂಬಿದವರೂ ಇದ್ದಾರೆ. ಅಡುಗೆಯ ವಿಚಾರ ಬಂದಾಗಲೆಲ್ಲ ನಮ್ಮವರಿಗೆ ಭೀಮ ಬೇಕೇ ಬೇಕು.

ಬಸಿದ ಮೊಸರಿನ ಆ ಸಿಹಿ ಇಂದಿಗೂ ಇದೆ, ಶ್ರೀಖಂಡ ಎಂಬ ಹೆಸರಿನಲ್ಲಿ. ಶಿಖರಿಣಿ ಎಂಬ ಶಬ್ದ ಮಾತ್ರ ಮೊಸರನ್ನು ಬಿಟ್ಟು ಹಣ್ಣು ಹಾಲಿನ ಕಡೆಗೆ ಬಂತು. ಜನರ ನಾಲಗೆಯಲ್ಲಿ ಮಹಾಪ್ರಾಣ ಸವೆಯಿತು, ಮರಾಠಿಯಲ್ಲಿ ಶಿಕರಣವಾಯಿತು, ಕನ್ನಡದಲ್ಲಿ ಮೊದಲ ಸ್ವರ ಉದ್ದವಾಗಿ ಶೀಕರಣಿ, ಇನ್ನೂ ತೆಂಕಕ್ಕೆ ಬಂದು ಸೀಕರಣೆ. ಕಲ್ಯಾಣ ಇಂದಿನ ಬೀದರ ಜಿಲ್ಲೆಯಲ್ಲಿದೆ, ಅಕ್ಕಲಕೋಟೆ ಸೊಲ್ಲಾಪುರ ಜಿಲ್ಲೆಯಲ್ಲಿ. ನಡುವಿನ ಗೆರೆ ಈಚಿನದು. ಅಕ್ಕಲಕೋಟೆ, ಜತ್ತ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1960ರ ಮೇ 1ರಂದು ಮಹಾರಾಷ್ಟ್ರದ ಪಾಲಾದವು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರಲ್ಲಿ ಆಂಧ್ರಕ್ಕೆ ಹೋದವು. ನಮ್ಮ ಕಾಸರಗೋಡು 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳದ್ದಾಯಿತು. ಈ ತಾರೀಖುಗಳನ್ನು ನಾವು ಇಲ್ಲಿ ಎಷ್ಟೋ ಸಲ ಹೇಳಿದ್ದೇವೆ, ಇವತ್ತು ಅವುಗಳನ್ನು ಪಾತ್ರೆಯ ಪಕ್ಕದಲ್ಲಿಟ್ಟು ನೋಡೋಣ.

ಹಣ್ಣಿನ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡದ ಬಾಳೆ ತುಳುವಿನಲ್ಲಿ ಬಾರೆ, ತಮಿಳಿನಲ್ಲಿ ವಾಳೈ, ಮಲಯಾಳದಲ್ಲಿ ವಾಳ. ಒಂದೇ ಬುಡದ ಕಂದುಗಳು. ತೆಲುಗಿನಲ್ಲಿ ಮಾತ್ರ ಅರಟಿ, ಮರಾಠಿಯಲ್ಲಿ ಸಂಸ್ಕೃತದ ಕದಳಿಯಿಂದ ಬಂದ ಕೇಳ. ಹಾಗಾಗಿ ಮಡಕಶಿರಾದ ಕನ್ನಡದ ಹೆಂಗಸು ಸಂತೆಯಲ್ಲಿ ಅರಟಿಪಂಡು ಎಂದು ಕೇಳಿ ಕೊಂಡದ್ದು ಮನೆಯ ಹೊಸ್ತಿಲು ದಾಟಿದ ಮೇಲೆ ಬಾಳೆಹಣ್ಣಾಗುತ್ತದೆ.

ಇನ್ನು ಕರಾವಳಿಯ ರಸಾಯನ. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ಒಂದು, ಮುಪ್ಪನ್ನು ದೂರವಿಟ್ಟು ಬಲ ಕೊಡುವ ಚಿಕಿತ್ಸೆ. ಆ ಭಾರೀ ಶಬ್ದವನ್ನು ನಮ್ಮ ಹಿರಿಯರು ತಂದು ಬಾಳೆಹಣ್ಣಿನ ಬಟ್ಟಲಿಗೆ ಹಾಕಿದರು. ಕನ್ನಡ ಶಾಲೆಯಲ್ಲಿ ಓದಿದ ನಮಗೆ ಅದೇ ಶಬ್ದ ಪಾಠಪುಸ್ತಕದಲ್ಲಿ ರಸಾಯನಶಾಸ್ತ್ರವಾಗಿ ಎದುರಾದಾಗ ನಕ್ಕದ್ದು ನೆನಪಿದೆ. ಮಲಯಾಳ ಮಾಧ್ಯಮದ ಮಕ್ಕಳಿಗೆ ಆ ನಗುವಿಲ್ಲ. ಅವರ ಪುಸ್ತಕದಲ್ಲಿ ಅದು ರಸತಂತ್ರ.

ಮಾಡುವ ಕ್ರಮ ಹೇಳುತ್ತೇನೆ. ಹತ್ತು ಕದಳಿ ಹಣ್ಣು, ಇಲ್ಲವೇ ಮೈಸೂರು ಬಾಳೆಹಣ್ಣು. ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ ಬೀಳಲು ತೊಡಗಿರಬೇಕು, ತೊಟ್ಟು ಕಳಚುವಷ್ಟು ಕಳಿತಿರಬಾರದು. ನೇಂದ್ರ ಇದಕ್ಕೆ ಆಗದು. ಅದರ ತಿರುಳು ಗಟ್ಟಿ, ಬೇಯಿಸಿದರೇ ಅದರ ರುಚಿ. ಬೆಳೆದ ತೆಂಗಿನಕಾಯಿ ಒಂದು. ಹೆರೆಮಣೆಯಲ್ಲಿ ಹೆರೆಯುವಾಗ ಕರಟದ ಕಂದು ಸಿಪ್ಪೆ ಬೀಳದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಹಾಲಿನ ಬಣ್ಣ ಕೆಡುತ್ತದೆ. ಕಡೆಯುವ ಕಲ್ಲಿನಲ್ಲಿ ತೀರ ಕಡಿಮೆ ನೀರು ಹಾಕಿ ಅರೆದು, ಬಟ್ಟೆಯಲ್ಲಿ ಹಿಂಡಿದರೆ ಬರುವುದು ಮೊದಲ ಹಾಲು, ದಪ್ಪನೆಯದು. ಹಿಂಡಿಗೆ ಮತ್ತೆ ನೀರು ಹಾಕಿ ಅರೆದರೆ ಎರಡನೆಯ ಹಾಲು. ಎರಡನೆಯ ಹಾಲಿನಲ್ಲಿ ಪುಡಿ ಮಾಡಿದ ಬೆಲ್ಲ ಕರಗಿಸಿ ಸೋಸಬೇಕು, ಬೆಲ್ಲದಲ್ಲಿ ಕಸ ಇದ್ದೇ ಇರುತ್ತದೆ. ಓಲೆಬೆಲ್ಲ ಸಿಕ್ಕಿದರೆ ಕೇಳುವುದೇ ಬೇಡ. ಹಣ್ಣನ್ನು ಚಿಕ್ಕ ಚಿಕ್ಕ ಹೋಳು ಮಾಡಿ ಕೂಡಲೇ ಆ ಬೆಲ್ಲದ ಹಾಲಿಗೆ ಹಾಕಿಬಿಡಬೇಕು. ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಕೆಲವರು ಕಿವುಚುತ್ತಾರೆ, ನನಗೆ ಹಲ್ಲಿಗೆ ಹೋಳು ಸಿಗಬೇಕು. ಕೊನೆಗೆ ಮೊದಲ ಹಾಲು, ಏಲಕ್ಕಿ ಪುಡಿ, ಒಂದು ಚಮಚ ಹುರಿದ ಎಳ್ಳು. ಎಳ್ಳು ಹಾಕದಿದ್ದರೆ ನಮ್ಮ ಅಮ್ಮ ಅದನ್ನು ರಸಾಯನವೆಂದು ಒಪ್ಪುತ್ತಿರಲಿಲ್ಲ. ಗೋಡಂಬಿ ಹಾಕುವವರಿದ್ದಾರೆ. ಗೇರು ಪೋರ್ಚುಗೀಸರ ಜೊತೆ ಬಂದ ಮರ, ಎಳ್ಳಿನ ಮುಂದೆ ಅದು ನಿನ್ನೆಯ ನೆಂಟ.

ಕುದಿಸದ ಕಾಯಿಹಾಲು ಬೇಗ ಹುಳಿಯುತ್ತದೆ, ಆದ್ದರಿಂದ ಬೆಳಗ್ಗೆ ಮಾಡಿದ್ದು ಮಧ್ಯಾಹ್ನದೊಳಗೆ ಮುಗಿಯಬೇಕು. ಬಾಟಲಿಯಲ್ಲಿ ತುಂಬಿ ಮಾರಲಾಗದ ಈ ತಿಂಡಿ ಮನೆಯಲ್ಲೇ ಉಳಿದುಕೊಂಡದ್ದಕ್ಕೆ ಇದೂ ಕಾರಣ. ಕೇರಳದ ಪಳಪ್ರಥಮನ್ ಹಾಗಲ್ಲ. ಅದರಲ್ಲಿ ನೇಂದ್ರವನ್ನು ಬೆಲ್ಲ ತುಪ್ಪದಲ್ಲಿ ಕಾಯಿಸಿ, ಕಾಯಿಹಾಲನ್ನು ತೆಳುವಿನಿಂದ ದಪ್ಪಕ್ಕೆ ಸರದಿಯಂತೆ ಹೊಯ್ಯುತ್ತಾರೆ. ಸೊಗಸಾದ ಅಡುಗೆ, ಅದರ ಮೇಲೆ ನನಗೇನೂ ಮುನಿಸಿಲ್ಲ. ಆದರೆ ನಮ್ಮ ಮದುವೆ ಚಪ್ಪರಗಳ ಎಲೆಯಲ್ಲಿ ಈಗ ಪ್ರಥಮನ್ ಬಂದು ಕುಳಿತಿದೆ, ರಸಾಯನ ಮರುದಿನದ ತಿಂಡಿಗೆ, ನೆಂಟರು ಅರ್ಧ ಖಾಲಿಯಾದ ಮೇಲೆ ಬರುತ್ತದೆ.

ಬಯಲುಸೀಮೆಯ ಸೀಕರಣೆಗೆ ಹಸುವಿನ ಹಾಲು. ಕಾಸಿ, ಪೂರ್ತಿ ಆರಿದ ಮೇಲೆಯೇ ಕಿವುಚಿದ ಹಣ್ಣು, ಬೆಲ್ಲ ಸೇರಿಸಬೇಕು. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ. ಆ ಭಯಕ್ಕೇ ಹಲವರು ಸಕ್ಕರೆಗೆ ಹೊರಳಿದ್ದು. ತಮಾಷೆಯೆಂದರೆ ಚರಕಸಂಹಿತೆ ಹಾಲಿನ ಜೊತೆ ತಿನ್ನಬಾರದ ಹಣ್ಣುಗಳನ್ನು ಪಟ್ಟಿ ಮಾಡುವಾಗ ಮೋಚ, ಅಂದರೆ ಬಾಳೆಯನ್ನೂ ಸೇರಿಸಿದೆ. ವೈದ್ಯರು ಇಂದಿಗೂ ಅದನ್ನು ಹೇಳುತ್ತಾರೆ, ಜನ ಇಂದಿಗೂ ಸೀಕರಣೆ ಉಣ್ಣುತ್ತಾರೆ. ಕಾಯಿಹಾಲಿನ ನಾವು ಆ ವಾದದಿಂದ ಹೇಗೋ ಪಾರಾಗಿದ್ದೇವೆ.

ಹಣ್ಣಿನ ವಿಷಯಕ್ಕೆ ಬಂದರೆ ಮನಸ್ಸಿಗೆ ಸ್ವಲ್ಪ ಬೇಸರ. ಮೈಸೂರು ಸೀಮೆಯಲ್ಲಿ ಹಳಬರು ಸೀಕರಣೆಗೆ ನಂಜನಗೂಡು ರಸಬಾಳೆಯನ್ನೇ ಹುಡುಕುತ್ತಿದ್ದರು. ಪನಾಮ ರೋಗವೆಂಬ, ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುವ ಶಿಲೀಂಧ್ರ ಆ ತೋಟಗಳನ್ನು ಬಾಡಿಸಿಬಿಟ್ಟಿತು. ಭೌಗೋಳಿಕ ಗುರುತಿನ ಮಾನ್ಯತೆ ಅದಕ್ಕೆ ದೊರೆತಿದೆ, ಹಣ್ಣು ಮಾತ್ರ ಅಪರೂಪ. ಬಾಳೆಗೆ ಬೀಜವಿಲ್ಲ, ಕಂದಿನಿಂದ ಕಂದು. ಹಾಗಾಗಿ ಒಂದು ತಳಿಯ ಗಿಡಗಳೆಲ್ಲ ಒಂದೇ ಗಿಡವಿದ್ದಂತೆ, ಒಂದಕ್ಕೆ ತಗುಲಿದ ರೋಗವನ್ನು ಇನ್ನೊಂದು ತಡೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಈಗ ಕೈಗೆ ಸಿಗುವ ಪಚ್ಚಬಾಳೆಯಲ್ಲಿ ಸೀಕರಣೆ ಮಾಡಬಹುದು, ಆದರೆ ನೀರು ನೀರಾಗುತ್ತದೆ, ಹುಳಿಸಿಹಿಯ ಆ ಎಳೆ ಇರುವುದಿಲ್ಲ. ಮನೆಯ ಹಿಂದೆ ಬಚ್ಚಲ ನೀರು ಹರಿಯುವಲ್ಲಿ ಕದಳಿಯ ಒಂದು ಕಂದು ಇಟ್ಟುಕೊಂಡವರು ಜಾಣರು.

ಅಕ್ಕಲಕೋಟೆಯ ಆ ಹಿರಿಯರು ಹೊರಡುವ ದಿನ ಎರಡು ತೆಂಗಿನಕಾಯಿ ಕೇಳಿ ಪಡೆದುಕೊಂಡು ಹೋದರು. ಶ್ರಾವಣದಲ್ಲಿ ಫೋನು ಮಾಡಿದ್ದರು. ಕಾಯಿಹಾಲು ಹಿಂಡಿ ಮಾಡಿದ್ದರಂತೆ, ಎಳ್ಳನ್ನೂ ಮರೆಯದೆ ಹಾಕಿದ್ದರಂತೆ. ಮೊಮ್ಮಕ್ಕಳು ಬಟ್ಟಲು ಖಾಲಿ ಮಾಡಿ, ಇದು ಶೀಕರಣಿ ಅಲ್ಲ ಎಂದು ಹಟ ಹಿಡಿದವಂತೆ. "ಹಂಗಾದ್ರ ಇದಕ್ಕ ಏನಂತೀರಿ ಅಂದಿದ್ರಿ, ಇನ್ನೊಮ್ಮೆ ಹೇಳ್ರೀ, ಹುಡುಗರಿಗೆ ಹೇಳಬೇಕು," ಎಂದರು. ನಾನು ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಆ ಕಡೆಯಿಂದ ಮಕ್ಕಳು ಅದನ್ನೇ ಕೂಗುವುದು ಕೇಳಿಸಿತು.