ಶೋಧ ಫಲಿತಾಂಶದಿಂದ ಜಾಲತಾಣ ಕಾಣೆಯಾಗುವುದೇಕೆ?

ಮಡಿಕೇರಿಯ ಬೆಟ್ಟದಂಚಿನ ಹೋಂ ಸ್ಟೇಯೊಂದಕ್ಕೆ ಬೆಂಗಳೂರಿನಿಂದಲೋ ಚೆನ್ನೈಯಿಂದಲೋ ಅತಿಥಿ ಬರಬೇಕಾದರೆ ಮೊದಲು ಆತನ ಕಣ್ಣಿಗೆ ಆ ಮನೆಯ ಹೆಸರು ಬೀಳಬೇಕು. ಹಿಂದೆ ಈ ಕೆಲಸವನ್ನು ಬಸ್ ನಿಲ್ದಾಣದ ಫಲಕ, ಪರಿಚಿತರ ಮಾತು, ಪತ್ರಿಕೆಯ ಪುಟ್ಟ ಜಾಹೀರಾತು ಮಾಡುತ್ತಿದ್ದವು. ಇಂದು ಅದರ ದೊಡ್ಡ ಪಾಲನ್ನು ಗೂಗಲ್, ಬಿಂಗ್ ಮೊದಲಾದ ಶೋಧಕ ಯಂತ್ರಗಳು ವಹಿಸಿಕೊಂಡಿವೆ. ಕಾಫಿಪುಡಿ, ಜೇನು, ಕರಿಮೆಣಸನ್ನು ಅಂಚೆಯಲ್ಲಿ ಕಳುಹಿಸಿ ಮಾರುವವರ ಸ್ಥಿತಿಯೂ ಇದೇ. ನಿನ್ನೆಯವರೆಗೆ ಮೊದಲ ಪುಟದಲ್ಲಿದ್ದ ಜಾಲತಾಣ ಇಂದು ಎಷ್ಟು ಹುಡುಕಿದರೂ ಸಿಗದೆ ಹೋದರೆ, ಮಾಲೀಕನ ಪಾಲಿಗೆ ಅದು ರಾತ್ರೋರಾತ್ರಿ ಅಂಗಡಿಗೆ ಯಾರೋ ಬೀಗ ಜಡಿದಂತೆ. ಗೂಗಲ್ ತನ್ನನ್ನು ಶಿಕ್ಷಿಸಿದೆ ಎಂಬುದು ಆತನಿಗೆ ಮೊದಲು ಬರುವ ಅನುಮಾನ. ಅನೇಕ ವೇಳೆ ಅದು ನಿಜವಲ್ಲ. ಬೀಗ ಒಳಗಿನಿಂದಲೇ ಬಿದ್ದಿರುತ್ತದೆ.

ಶೋಧಕ ಯಂತ್ರದ ಕೆಲಸದಲ್ಲಿ ಮೂರು ಹಂತಗಳಿವೆ. 'ಜೇಡ' ಅಥವಾ ಬಾಟ್ ಎಂದು ಕರೆಯಲಾಗುವ ತಂತ್ರಾಂಶವು ಕೊಂಡಿಯಿಂದ ಕೊಂಡಿಗೆ ಚಲಿಸುತ್ತ ಪುಟಗಳನ್ನು ಓದುತ್ತದೆ. ಓದಿದ್ದನ್ನು ಸೂಚಿಯಲ್ಲಿ ದಾಖಲಿಸಲಾಗುತ್ತದೆ. ಯಾರಾದರೂ ಪದವೊಂದನ್ನು ಹುಡುಕಿದಾಗ ಸೂಚಿಯಲ್ಲಿರುವ ಪುಟಗಳಿಗೆ ಸ್ಥಾನ ನಿಗದಿಯಾಗುತ್ತದೆ. ಪುಟ ಓದಲ್ಪಡದೆ ಇರಬಹುದು, ಓದಿದ್ದರೂ ದಾಖಲಾಗದೆ ಇರಬಹುದು, ದಾಖಲಾಗಿದ್ದರೂ ಹತ್ತನೆಯ ಪುಟಕ್ಕೆ ಜಾರಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಆದ್ದರಿಂದ ಮೊದಲು ಮಾಡಬೇಕಾದ ಪರೀಕ್ಷೆ ಸರಳವಾದುದು: ಗೂಗಲ್‌ನ ಪೆಟ್ಟಿಗೆಯಲ್ಲಿ 'ಸೈಟ್' ಎಂಬ ಇಂಗ್ಲಿಷ್ ಪದ, ಅದಕ್ಕೆ ತಾಗಿದಂತೆ ಎರಡು ಚುಕ್ಕೆಯ ಚಿಹ್ನೆ, ನಡುವೆ ಜಾಗ ಬಿಡದೆ ತಾಣದ ವಿಳಾಸವನ್ನು ಬರೆದು ಹುಡುಕಬೇಕು. ಪುಟಗಳು ಕಂಡರೆ ತಾಣ ಸೂಚಿಯಲ್ಲಿದೆ, ಕುಸಿದಿರುವುದು ಸ್ಥಾನ ಮಾತ್ರ. ಒಂದೂ ಕಾಣದಿದ್ದರೆ ಮುಂದಿನ ವಿಚಾರಣೆ ಅಗತ್ಯ.

ಗೂಗಲ್ ನಕ್ಷೆಯಲ್ಲಿ ಹೋಂ ಸ್ಟೇಯ ಗುರುತು ಮಾಯವಾಗುವುದು ಬೇರೆಯೇ ಸಂಗತಿ. ಅದರ ನಿಯಮ, ಅದರ ಮೇಲ್ಮನವಿ ಎರಡೂ ಪ್ರತ್ಯೇಕ. ಇವೆರಡನ್ನೂ ಒಂದೇ ಎಂದು ಭಾವಿಸಿ ವಾರಗಟ್ಟಲೆ ತಪ್ಪು ಬಾಗಿಲನ್ನು ತಟ್ಟುವವರಿದ್ದಾರೆ.

ನಮ್ಮ ಕೈಯಿಂದಲೇ ಬಿದ್ದ ಬೀಗ

ತಾಣದ ಮೂಲದಲ್ಲಿ 'ರೋಬಾಟ್ಸ್' ಎಂಬ ಹೆಸರಿನ ಪುಟ್ಟ ಪಠ್ಯ ಕಡತವಿರುತ್ತದೆ. ಯಾವ ಪುಟವನ್ನು ಓದಬಹುದು, ಯಾವುದನ್ನು ಓದಬಾರದು ಎಂದು ಜೇಡಕ್ಕೆ ತಿಳಿಸುವುದು ಇದೇ. ಇದರಲ್ಲಿ ಒಂದೇ ಒಂದು ಓರೆಗೆರೆ ತಪ್ಪಾಗಿ ಸೇರಿದರೂ ಇಡೀ ತಾಣಕ್ಕೆ ನಿಷೇಧ ಬೀಳುತ್ತದೆ. 'ನೋ ಇಂಡೆಕ್ಸ್' ಎಂಬ ಆಜ್ಞೆ ಇದಕ್ಕಿಂತ ಕಠಿಣ. ಅದು ಪುಟವನ್ನು ಸೂಚಿಯಿಂದಲೇ ತೆಗೆಸುತ್ತದೆ. ವರ್ಡ್‌ಪ್ರೆಸ್ ಬಳಸುವ ತಾಣಗಳ ಆಡಳಿತ ಪುಟದಲ್ಲಿ, ಶೋಧಕ ಯಂತ್ರಗಳು ಈ ತಾಣವನ್ನು ದಾಖಲಿಸದಂತೆ ಕೋರುವ ಪುಟ್ಟ ಚೌಕವೊಂದಿದೆ. ತಾಣವನ್ನು ಹೊಸದಾಗಿ ವಿನ್ಯಾಸಗೊಳಿಸುವಾಗ ತಂತ್ರಜ್ಞರು ಅದಕ್ಕೆ ಗುರುತು ಹಾಕುತ್ತಾರೆ, ಅರೆಬರೆ ಪುಟಗಳು ಹೊರಗೆ ಕಾಣದಿರಲಿ ಎಂದು. ಕೆಲಸ ಮುಗಿದು ಹಣ ಪಡೆದು ಹೋಗುವಾಗ ಆ ಗುರುತನ್ನು ತೆಗೆಯಲು ಮರೆಯುತ್ತಾರೆ. ತಾಣ ಹಿಂದೆಂದಿಗಿಂತ ಸುಂದರವಾಗಿರುತ್ತದೆ, ಆದರೆ ಯಾರಿಗೂ ಸಿಗುವುದಿಲ್ಲ.

ವಿಳಾಸದ ನೋಂದಣಿ ಮುಗಿದುಹೋಗುವುದು ಮತ್ತೊಂದು ಸಾಮಾನ್ಯ ಕಾರಣ. ನವೀಕರಣದ ಎಚ್ಚರಿಕೆಯ ಮಿಂಚಂಚೆಗಳು ಹತ್ತು ವರ್ಷಗಳ ಹಿಂದೆ ತಾಣ ಮಾಡಿಕೊಟ್ಟ ಯಾವುದೋ ಹುಡುಗನ ಅಂಚೆಪೆಟ್ಟಿಗೆಗೆ ಹೋಗುತ್ತಿರುತ್ತವೆ. ಆತ ಈಗ ಎಲ್ಲಿರುವನೋ. ಡಾಟ್ ಕಾಂ ವಿಳಾಸಗಳ ವಿಷಯದಲ್ಲಿ, ಅವಧಿ ಮುಗಿದು ನೋಂದಣಿದಾರ ಸಂಸ್ಥೆ ವಿಳಾಸವನ್ನು ಅಳಿಸಿದ ಮೇಲೂ 30 ದಿನಗಳ ವಿಮೋಚನಾ ಅವಧಿ ಇರುತ್ತದೆ. ಹೆಚ್ಚಿನ ಶುಲ್ಕ ತೆತ್ತು ಆಗ ಅದನ್ನು ಬಿಡಿಸಿಕೊಳ್ಳಬಹುದು. ಅದಾದ 5 ದಿನಗಳ ಬಳಿಕ ವಿಳಾಸ ಯಾರ ಪಾಲಿಗೂ ಹೋಗಬಹುದು. ಹಳೆಯ ಹೆಸರಿನ ಕೀರ್ತಿಯನ್ನು ದುರುಪಯೋಗಪಡಿಸಿಕೊಳ್ಳಲೆಂದೇ ಇಂತಹ ವಿಳಾಸಗಳನ್ನು ಕೊಳ್ಳುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ಗೂಗಲ್ ಈ ಪದ್ಧತಿಯನ್ನು ತನ್ನ ನಿಷಿದ್ಧ ನಡೆಗಳ ಪಟ್ಟಿಗೆ ಸೇರಿಸಿತು.

ಮಳೆಗಾಲದಲ್ಲಿ ವಿದ್ಯುತ್ ಹೋಗಿ ಮನೆಯ ಮೋಡೆಮ್ ಸತ್ತರೆ ತಾಣಕ್ಕೇನೂ ಆಗುವುದಿಲ್ಲ, ಅದು ಇರುವುದು ದೂರದ ಯಾವುದೋ ಸರ್ವರ್‌ನಲ್ಲಿ. ಆದರೆ ಸರ್ವರ್ ಸ್ವತಃ ಬಹುಕಾಲ ಮೌನವಾದರೆ ಜೇಡ ಬರಿಗೈಯಲ್ಲಿ ಮರಳುತ್ತದೆ, ಹಲವು ದಿನ ಹೀಗಾದರೆ ಪುಟಗಳು ಒಂದೊಂದಾಗಿ ಸೂಚಿಯಿಂದ ಉದುರತೊಡಗುತ್ತವೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ಜಿಲ್ಲೆಗೆ ಪ್ರವಾಸಿಗರ ಪ್ರವೇಶವನ್ನು ಕೆಲಕಾಲ ನಿರ್ಬಂಧಿಸಲಾಗಿತ್ತು. ಅಂತಹ ಹೊತ್ತಿನಲ್ಲಿ ವ್ಯವಹಾರ ಸ್ಥಗಿತಗೊಳಿಸುವವರು ತಾಣವನ್ನು ಅಳಿಸಬಾರದು. ಪುಟವನ್ನು ಅಳಿಸಿದರೆ ಸರ್ವರ್ 404 ಎಂಬ ಉತ್ತರ ನೀಡುತ್ತದೆ. 'ಇಲ್ಲಿ ಏನೂ ಇಲ್ಲ' ಎಂದು ಅದರ ಅರ್ಥ. ಒಂದೆರಡು ದಿನದ ದುರಸ್ತಿಯಾದರೆ 503 ಎಂಬ ಉತ್ತರ ಸೂಕ್ತ, 'ಮತ್ತೆ ಬನ್ನಿ' ಎಂದಂತೆ. ತಿಂಗಳುಗಟ್ಟಲೆಯ ವಿರಾಮವಾದರೆ ಪುಟಗಳನ್ನು ಹಾಗೆಯೇ ಉಳಿಸಿ, ಸದ್ಯಕ್ಕೆ ಅತಿಥಿಗಳನ್ನು ಸ್ವೀಕರಿಸುತ್ತಿಲ್ಲ ಎಂದು ಮುಖಪುಟದಲ್ಲಿ ಬರೆದರೆ ಸಾಕು.

ಕಳ್ಳರು ನುಗ್ಗಿದಾಗ

ಹಳೆಯ ತಂತ್ರಾಂಶವನ್ನು ನವೀಕರಿಸದೆ ಬಿಟ್ಟ ತಾಣಗಳೊಳಗೆ ದುಷ್ಕರ್ಮಿಗಳು ನುಸುಳಿ ಔಷಧ, ಜೂಜು, ನಕಲಿ ಸರಕುಗಳ ಸಾವಿರಾರು ಪುಟಗಳನ್ನು ಸೇರಿಸುವುದುಂಟು. ಜಪಾನಿ ಭಾಷೆಯ ಪುಟಗಳನ್ನು ತುಂಬುವ ಒಂದು ಬಗೆಯಂತೂ ಕುಪ್ರಸಿದ್ಧ. ಇಲ್ಲಿನ ಚಾತುರ್ಯ ಏನೆಂದರೆ ಈ ಪುಟಗಳು ಜೇಡಕ್ಕೆ ಮಾತ್ರ ಕಾಣುತ್ತವೆ, ಮಾಲೀಕನಿಗೆ ಎಂದಿನ ಮುಖಪುಟವೇ ಕಾಣುತ್ತದೆ. 'ನನ್ನ ತಾಣ ಸರಿಯಾಗಿಯೇ ಇದೆಯಲ್ಲ' ಎಂದು ಆತ ವಾದಿಸುವುದು ಸಹಜ. ಮೇಲೆ ಹೇಳಿದ 'ಸೈಟ್' ಪರೀಕ್ಷೆ ಇಂತಹ ಕಳ್ಳತನವನ್ನೂ ಬಯಲಿಗೆಳೆಯುತ್ತದೆ.

ನಿಜವಾದ ಶಿಕ್ಷೆ ಇಲ್ಲವೆಂದಲ್ಲ. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯೂ ಕಾರು ಕಂಪನಿಯ ಜರ್ಮನ್ ತಾಣವನ್ನು ಗೂಗಲ್ ತನ್ನ ಸೂಚಿಯಿಂದ ತೆಗೆದುಹಾಕಿತ್ತು. ಓದುಗರಿಗೆ ಒಂದು ಪುಟ, ಜೇಡಕ್ಕೆ ಪದಗಳನ್ನು ತುರುಕಿದ ಇನ್ನೊಂದು ಪುಟ ತೋರಿಸಿದ್ದು ಅಪರಾಧ. ತಪ್ಪನ್ನು ಸರಿಪಡಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದು ಮರಳಿತು. ನಮ್ಮ ಪ್ರವಾಸಿ ತಾಣಗಳ ದೋಷ ಇಷ್ಟು ಕುಟಿಲವಲ್ಲ, ಸೋಮಾರಿತನದ್ದು. ಅಬ್ಬಿ ಜಲಪಾತ, ರಾಜಾಸೀಟು, ದುಬಾರೆ, ತಲಕಾವೇರಿಗಳ ಬಗ್ಗೆ ಅವವೇ ವಾಕ್ಯಗಳನ್ನು ಒಬ್ಬರಿಂದೊಬ್ಬರು ನಕಲು ಮಾಡಿದ್ದಾರೆ. ಒಂದೇ ಪಠ್ಯ ಹಲವೆಡೆ ಇದ್ದಾಗ ಶೋಧಕ ಯಂತ್ರ ಒಂದನ್ನು ತೋರಿಸಿ ಉಳಿದವನ್ನು ಬದಿಗಿಡುತ್ತದೆ. ಅದು ದಂಡನೆಯಲ್ಲ. ಆದರೂ ಬದಿಗೆ ಸರಿದವನಿಗೆ ಪರಿಣಾಮ ಒಂದೇ. 2011ರ ಫೆಬ್ರವರಿಯ 'ಪಾಂಡಾ' ಪರಿಷ್ಕರಣೆಯ ನಂತರ ಟೊಳ್ಳು ಪುಟಗಳ ಸ್ಥಾನ ಕುಸಿಯಿತು. 2012ರ ಏಪ್ರಿಲ್‌ನ 'ಪೆಂಗ್ವಿನ್' ಹಣ ಕೊಟ್ಟು ಕೊಂಡ ಕೊಂಡಿಗಳ ಮೇಲೆ ಕಣ್ಣಿಟ್ಟಿತು. ತನ್ನ ಮನೆಯಿಂದ ಜಲಪಾತಕ್ಕೆ ಮಳೆಗಾಲದಲ್ಲಿ ಯಾವ ದಾರಿ ಹಿಡಿಯಬೇಕು, ಜಿಗಣೆ ಕಾಟ ಯಾವ ತಿಂಗಳಲ್ಲಿ ಹೆಚ್ಚು ಎಂದು ಸ್ವಂತವಾಗಿ ನಾಲ್ಕು ಸಾಲು ಬರೆದವನ ಪುಟ ನಕಲು ಮಾಡಿದ ನಲವತ್ತು ಸಾಲಿನ ಪುಟಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಅಕ್ಷರವೇ ಅಡ್ಡಿಯಾದಾಗ

ಕನ್ನಡ ತಾಣಗಳಿಗೆ ಬಂದೊದಗಿದ ಕಷ್ಟ ಬೇರೆ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಪತ್ರಿಕೆಗಳೂ ಮುದ್ರಣಾಲಯಗಳೂ ಬಹುಕಾಲ ಶ್ರೀಲಿಪಿ, ನುಡಿ, ಬರಹದ ಹಳೆಯ ಅಕ್ಷರಶೈಲಿಗಳಲ್ಲೇ ಕೆಲಸ ಮಾಡಿದವು. ಈ ವಿಧಾನದಲ್ಲಿ ಗಣಕಯಂತ್ರದೊಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಗೋಜಲು. ಫಾಂಟು ಅದರ ಮೇಲೆ ಕನ್ನಡದ ಮುಖವಾಡ ತೊಡಿಸುತ್ತಿತ್ತು, ಅಷ್ಟೆ. ಓದುಗನಿಗೆ 'ಕೊಡಗು' ಎಂದು ಕಂಡ ಪದ ಜೇಡಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಹೀಗೆ ಪ್ರಕಟವಾದ ಕಾಫಿ ದರ, ಹಾಕಿ ಪಂದ್ಯಾವಳಿಯ ವರದಿ, ಊರ ಹಿರಿಯರ ನಿಧನ ವಾರ್ತೆ ಇವೆಲ್ಲ ಅಂತರಜಾಲದಲ್ಲಿ ಇದ್ದೂ ಇಲ್ಲದಂತೆ ಉಳಿದವು.

ಮುಂದೆ ತಾಣಗಳು ಯೂನಿಕೋಡ್‌ಗೆ ಬದಲಾದಾಗ ಎರಡನೆಯ ಪೆಟ್ಟು ಬಿದ್ದಿತು. ಹೊಸ ವ್ಯವಸ್ಥೆಯಲ್ಲಿ ಪ್ರತಿ ಪುಟದ ವಿಳಾಸ ಬದಲಾಗುತ್ತದೆ. ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರುವ 301 ಎಂಬ ಸ್ಥಾಯಿ ಸೂಚನೆಯನ್ನು ಅಳವಡಿಸದಿದ್ದರೆ, ವರ್ಷಗಳ ಕಾಲ ಇತರ ತಾಣಗಳು ಕೊಟ್ಟಿದ್ದ ಕೊಂಡಿಗಳೆಲ್ಲ ಶೂನ್ಯದತ್ತ ಬೆರಳು ಮಾಡುತ್ತವೆ. ಹಳೆಯ ಸಂಚಿಕೆಗಳನ್ನು ಪರಿವರ್ತಿಸದೆ ಕೈಬಿಟ್ಟರಂತೂ ಒಂದು ಜಿಲ್ಲೆಯ ಹಲವು ವರ್ಷಗಳ ದಿನಚರಿಯೇ ಹೋದಂತೆ. ಈ ನಷ್ಟವನ್ನು ಹೋಂ ಸ್ಟೇ ಮಾಲೀಕನ ನಷ್ಟಕ್ಕಿಂತ ದೊಡ್ಡದೆಂದು ಭಾವಿಸಬೇಕು, ಏಕೆಂದರೆ ಇದಕ್ಕೆ ದೂರು ನೀಡುವವರೂ ಇಲ್ಲ.

ಕಾಗುಣಿತದ ಗೊಂದಲವೂ ಅಲ್ಪವಲ್ಲ. ವಿರಾಜಪೇಟೆ, ವೀರಾಜಪೇಟೆ, ಹೋಂಸ್ಟೇ, ಹೋಂ ಸ್ಟೇ, ಹೋಮ್‌ಸ್ಟೇ, ಗೋಣಿಕೊಪ್ಪ, ಗೋಣಿಕೊಪ್ಪಲು. ಕೊಡಗು ಎಂಬ ಪದಕ್ಕೆ ಮೇಲ್ಭಾಗದಲ್ಲಿರುವ ಪುಟ ಕೂರ್ಗ್ ಎಂದು ಹುಡುಕಿದವನಿಗೆ ದೊರೆಯದಿರಬಹುದು. ತಾಣ ಕಾಣೆಯಾಯಿತೆಂದು ಗಾಬರಿಯಾಗುವ ಮುನ್ನ, ಯಾವ ಪದಕ್ಕೆ ಕಾಣೆಯಾಯಿತು ಎಂದು ನೋಡುವುದು ಒಳಿತು.

ಕಾನೂನು ಮತ್ತು ಜನಾಭಿಪ್ರಾಯ

ಬೇಕೆಂದೇ ಮರೆಮಾಡಿಸುವ ಸಂದರ್ಭಗಳೂ ಇವೆ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಪ್ರಕರಣವೊಂದರಲ್ಲಿ ಮಹಿಳೆಯ ಹೆಸರು ಅಂತರಜಾಲದ ಹುಡುಕಾಟದಲ್ಲಿ ಕಾಣದಂತೆ ಕ್ರಮ ಕೈಗೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತು. 'ಮರೆಯಲ್ಪಡುವ ಹಕ್ಕಿ'ನ ಚರ್ಚೆಯಲ್ಲಿ ಈ ಆದೇಶ ಆಗಾಗ ಉಲ್ಲೇಖಗೊಳ್ಳುತ್ತದೆ. 2021ರ ಜೂನ್ 3ರಂದು ನಡೆದುದು ಇನ್ನೊಂದು ಬಗೆಯದು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂಬ ಇಂಗ್ಲಿಷ್ ಪ್ರಶ್ನೆಗೆ ಗೂಗಲ್‌ನ ಉತ್ತರ ಪೆಟ್ಟಿಗೆ ಯಾವುದೋ ತಾಣದಿಂದೆತ್ತಿ ಕನ್ನಡದ ಹೆಸರು ತೋರಿಸುತ್ತಿತ್ತು. ರಾಜ್ಯಾದ್ಯಂತ ಆಕ್ರೋಶ ವ್ಯಕ್ತವಾಯಿತು, ಆಗಿನ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ನೀಡಿದರು, ಗೂಗಲ್ ಆ ಉತ್ತರವನ್ನು ತೆಗೆದು ಕ್ಷಮೆ ಯಾಚಿಸಿತು. ಇತ್ತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಪ್ರಕಾರ ಕೇಂದ್ರ ಸರ್ಕಾರ ತಾಣವೊಂದನ್ನು ತಡೆಹಿಡಿದರೆ ಫಲಿತಾಂಶದಲ್ಲಿ ಹೆಸರು ಕಂಡರೂ ಪುಟ ತೆರೆಯದೆ ಹೋಗಬಹುದು.

ತಾಣ ಕಳೆದುಕೊಂಡವರು ಮೊದಲು ತೆರೆಯಬೇಕಾದುದು ಗೂಗಲ್‌ನ ಉಚಿತ ಸೇವೆಯಾದ ಸರ್ಚ್ ಕನ್ಸೋಲ್. 2015ಕ್ಕೂ ಮೊದಲು ಇದರ ಹೆಸರು ವೆಬ್‌ಮಾಸ್ಟರ್ ಟೂಲ್ಸ್. ಶಿಕ್ಷೆ ವಿಧಿಸಿದ್ದರೆ 'ಮ್ಯಾನ್ಯುಯಲ್ ಆಕ್ಷನ್ಸ್' ಎಂಬ ವಿಭಾಗದಲ್ಲಿ ಅದು ಬರೆದಿರುತ್ತದೆ. ಅಲ್ಲಿ ಏನೂ ಇಲ್ಲವೆಂದರೆ ಸಂಸ್ಥೆಯ ಸಿಬ್ಬಂದಿ ಶಿಕ್ಷೆ ವಿಧಿಸಿಲ್ಲವೆಂದೇ ತಿಳಿಯಬೇಕು. ಅದೇ ಜಾಗದಲ್ಲಿ ಪುಟಗಳನ್ನು ಸುಮಾರು ಆರು ತಿಂಗಳ ಕಾಲ ಅಡಗಿಸುವ ಸೌಲಭ್ಯವೂ ಇದೆ. ಹಿಂದಿನ ನೌಕರನೊಬ್ಬ ಅದನ್ನು ಒತ್ತಿ ಹೋಗಿದ್ದಾನೆಯೇ ಎಂದು ನೋಡಬೇಕು. ದೋಷ ತಿದ್ದಿದ ಬಳಿಕ ಶಿಕ್ಷೆಯ ಪ್ರಕರಣವಾದರೆ ಮರುಪರಿಶೀಲನೆಗೆ ಅರ್ಜಿ ಸಲ್ಲಿಸಬಹುದು, ಉಳಿದವಕ್ಕೆ ಜೇಡ ಮತ್ತೆ ಬರುವವರೆಗೆ ಕಾಯಬೇಕು. ಅದಕ್ಕೆ ದಿನಗಳು ಹಿಡಿಯಬಹುದು, ವಾರಗಳೂ ಹಿಡಿಯಬಹುದು. ಈ ನಡುವೆ, ಹಣ ಕೊಟ್ಟರೆ ಮೊದಲ ಸ್ಥಾನ ಖಚಿತ ಎಂದು ದೂರವಾಣಿ ಮಾಡುವವರಿಗೆ ತಾಣದ ಗುಪ್ತಪದ ಕೊಡಬೇಡಿ. ಜಾಹೀರಾತಿನ ಹೊರತಾಗಿ ಅಂತಹ ಸ್ಥಾನವನ್ನು ಗೂಗಲ್ ಯಾರಿಗೂ ಮಾರುವುದಿಲ್ಲ.